‘ಆಫ್’ ಅಂದರೆ ‘ಕೋಂ’

ಇವತ್ತು ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ನನ್ನ ಕೈಲಿದ್ದ ಪುಸ್ತಕ ನೋಡಿ ನಕ್ಕರು. “ಮೇಡಂ, ‘ಹೀ ಗೋ’ ಅಂತ ಬರೀತಾವೆ ನಮ್ಮವು. ಅವಕ್ಕೆ ಡಿಸ್ಟೋಪಿಯಾ ಅಂತೆ, ಜೆಂಡರ್ ಅಂತೆ! ಮೊದಲು ‘ಗೋಸ್’ ಕಲಿಸಿ.” ಟೀ ಕುಡಿಯುತ್ತಿದ್ದ ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅಲ್ಲಿ ಬಾಯಿಗೆ ಬರದ ಮಾತು ಈಗ ರಾತ್ರಿ ಹತ್ತೂವರೆಗೆ ಬರುತ್ತಿದೆ, ಸಹಿಸಿಕೊಳ್ಳಿ.

ನಾನು ಇಂಗ್ಲಿಷ್ ಮೇಡಂ. ನನ್ನ ಕ್ಲಾಸಿನ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಕನ್ನಡ ಮೀಡಿಯಂ. ಅವರ ಜೊತೆ ಈ ಸಲ ಓದುತ್ತಿರುವುದು ಮಾರ್ಗರೆಟ್ ಅಟ್‌ವುಡ್ ಅವರ 1985ರ ಕಾದಂಬರಿ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’. ನಾಳೆ ಹೀಗೂ ಆಗಬಹುದು ಅಂತ ಹೆದರಿಸುವ ಕಥೆ, ಅದಕ್ಕೇ ಡಿಸ್ಟೋಪಿಯಾ ಅನ್ನುವುದು. ಪೂರ್ತಿ ಅಲ್ಲ, ಐದಾರು ತುಣುಕು. ಓದುವುದು ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಕಥೆಯಲ್ಲಿ ಅಮೆರಿಕದ ಸರ್ಕಾರವನ್ನು ಉರುಳಿಸಿ, ದೇವರ ಹೆಸರು ಹೇಳಿಕೊಂಡು ಗಿಲಿಯಡ್ ಅನ್ನುವ ರಾಜ್ಯ ಕಟ್ಟಿದ್ದಾರೆ. ಅಲ್ಲಿ ಹೆಂಗಸರ ಬಟ್ಟೆ ನೋಡಿದರೆ ಸಾಕು, ಕೆಲಸ ಗೊತ್ತಾಗುತ್ತದೆ. ಯಜಮಾನರ ಹೆಂಡತಿಯರಿಗೆ ನೀಲಿ. ಅಡುಗೆ, ಕಸಮುಸುರೆ ಮಾಡುವ ಮಾರ್ಥಾಗಳಿಗೆ ಹಸಿರು. ಆ ಮನೆಗೆ ಮಗು ಹೆತ್ತು ಕೊಡಬೇಕಾದವಳಿಗೆ ಕೆಂಪು.

ಮೊನ್ನೆ ಬೋರ್ಡಿನ ಮೇಲೆ ಕಥೆ ಹೇಳುವವಳ ಹೆಸರು ಬರೆದೆ. ಆಫ್ರೆಡ್. ನಡುವೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಆಫ್, ಫ್ರೆಡ್. ಅಂದರೆ ಫ್ರೆಡ್‌ನವಳು. ಇದು ಅವಳ ನಿಜವಾದ ಹೆಸರಲ್ಲ, ಫ್ರೆಡ್ ಅನ್ನುವವನ ಮನೆಯಲ್ಲಿರುವ ತನಕ ಮಾತ್ರ ಇರುವ ಹೆಸರು ಅಂದೆ. ಕ್ಲಾಸು ಸುಮ್ಮನಿತ್ತು. ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಎರಡು ತಿಂಗಳಿಂದ ಬಾಯಿ ಬಿಟ್ಟವಳಲ್ಲ.

“ಮೇಡಂ, ಪಹಣೀಲಿ ‘ಕೋಂ’ ಅಂತ ಹಾಕ್ತಾರಲ್ಲ, ಆ ತರಾನಾ?”

ಜಮೀನಿನ ಪಹಣಿಯಲ್ಲಿ ‘ಕೋಂ’ ಅಂದರೆ ಇಂಥವರ ಹೆಂಡತಿ ಅಂತ. ಹೌದಮ್ಮ, ಆ ತರಾನೇ, ಅನ್ನುವಷ್ಟರಲ್ಲಿ ಅವಳೇ ತಡೆದಳು. “ಇಲ್ಲ ಮೇಡಂ, ಬೇರೆ. ಪಹಣೀಲಿ ‘ಕೋಂ’ ಅನ್ನೋಕೆ ಮುಂಚೆ ನಮ್ಮಜ್ಜಿ ಹೆಸರೂ ಇರುತ್ತೆ. ಇವಳಿಗೆ ಅದೂ ಇಲ್ಲ.”

ನಾನು ಡಸ್ಟರ್ ಹಿಡಿದುಕೊಂಡು ನಿಂತೇ ಇದ್ದೆ. ಎಂ.ಎ. ಓದುವಾಗ ಈ ಕಾದಂಬರಿ ಬಗ್ಗೆ ಎಷ್ಟೋ ಪುಟ ಬರೆದಿದ್ದೇನೆ. ಈ ಒಂದು ಮಾತು ನನಗೆ ಹೊಳೆದಿರಲಿಲ್ಲ. ಹೇಳಿದವಳು ಯಾರು ಅಂದರೆ, ಅದೇ ‘ಹೀ ಗೋ’ ಹುಡುಗಿ.

ಆಮೇಲೆ ಯಾರೂ ಬಾಯಿ ಮುಚ್ಚಲಿಲ್ಲ. ಗಿಲಿಯಡ್‌ನಲ್ಲಿ ಹೆಂಗಸರು ಓದಬಾರದು. ಅದಕ್ಕೆ ಅಂಗಡಿಯ ಬೋರ್ಡಿನಲ್ಲಿ ಅಕ್ಷರ ಅಳಿಸಿ ಹಸು, ಜೇನುನೊಣ, ಮೊಟ್ಟೆಯ ಚಿತ್ರ ಇಟ್ಟಿದ್ದಾರೆ. ಒಬ್ಬಳು ಅಂದಳು, “ನಮ್ಮಜ್ಜಿ ಬಸ್ಸಿನ ಬಣ್ಣ ನೋಡಿ ಹತ್ತುತ್ತೆ ಮೇಡಂ. ಓದಬಾರ್ದು ಅಂತ ಯಾರೂ ಕಾನೂನು ಮಾಡಿರಲಿಲ್ಲ.” ಹಿಂದಿನ ಬೆಂಚಿನ ಹುಡುಗ, “ಕೆಳಗಿನ ಎಷ್ಟೋ ಗಂಡಸ್ರಿಗೂ ಅಲ್ಲಿ ಹೆಂಡ್ತಿ ಸಿಗಲ್ವಲ್ಲ, ಅದನ್ಯಾಕೆ ಯಾರೂ ಹೇಳ್ತಿಲ್ಲ?” ಅಂತ ಎದ್ದ. ನ್ಯಾಯವಾದ ಪ್ರಶ್ನೆ. ಹುಡುಗಿಯರು ಅವನನ್ನು ಬೆಲ್ ಹೊಡೆಯುವ ತನಕ ಬಿಡಲಿಲ್ಲ.

ಈಗ ಹೇಳಿ. ಇವರಿಗೆ ಬರದೇ ಇರುವುದು ಏನು? ‘ಗೋಸ್’ ತಾನೇ? ಯೋಚನೆಯಲ್ಲವಲ್ಲ?

ಪುಸ್ತಕ ಕಷ್ಟ, ಒಪ್ಪುತ್ತೇನೆ. ಈಗಿನದು, ಹಿಂದಿನದು ಎಲ್ಲ ಕಲಸಿಕೊಂಡು ಬರುತ್ತದೆ. ಹುಡುಗ ಹುಡುಗಿಯರ ಮುಂದೆ ಜೋರಾಗಿ ಓದಲಾಗದ ಪುಟಗಳಿವೆ, ಅವನ್ನು ನಾನೇ ಹಾರಿಸಿದೆ. ಸರಿ, ಬೇಡ ಅಂತ ಬಿಡೋಣ. ವೋಟು ಹಾಕುವ ವಯಸ್ಸಿನವರ ಕೈಗೆ ಏನು ಕೊಡೋಣ? ನರಿ ಮತ್ತು ದ್ರಾಕ್ಷಿ? ಇಂಗ್ಲಿಷ್ ಸಣ್ಣದು ಅಂತ ಕಥೆಯನ್ನೂ ಸಣ್ಣದು ಮಾಡಿದರೆ ಅವರು ಆಕಳಿಸುತ್ತಾರೆ. ಆಗ ‘ಇವಕ್ಕೆ ಇಂಟರೆಸ್ಟೇ ಇಲ್ಲ’ ಅಂತ ಮತ್ತೆ ಟೀ ಕುಡಿಯಬಹುದು.

ಒಂದು ತುಣುಕಿನಲ್ಲಿ ನಾನೇ ಸಿಕ್ಕಿಬಿದ್ದೆ. ಗಿಲಿಯಡ್ ಇನ್ನೂ ಶುರುವಾಗುವ ಹೊತ್ತಿನಲ್ಲಿ ಆಫ್ರೆಡ್ ಸಿಗರೇಟು ಕೊಳ್ಳಲು ಹೋಗುತ್ತಾಳೆ, ಕಾರ್ಡ್ ನಡೆಯುವುದಿಲ್ಲ. ದೇಶದ ಎಲ್ಲ ಹೆಂಗಸರ ಖಾತೆಯನ್ನೂ ಒಂದೇ ದಿನ ನಿಲ್ಲಿಸಿರುತ್ತಾರೆ. ಮದುವೆಯಾದವರ ದುಡ್ಡು ಗಂಡನ ಕೈಗೆ. “ಅಯ್ಯೋ, ಹೆಂಗೆ ಸುಮ್ನಿದ್ರು ಮೇಡಂ?” ಅಂತ ಮಕ್ಕಳು ಕೇಳಿದರು. ನಾನು ವಿಷಯ ಬದಲಾಯಿಸಿದೆ. ಯಾಕೆಂದರೆ ಮದುವೆಯಾದ ಮೇಲೆ ಆರು ವರ್ಷ ನನ್ನ ಸಂಬಳದ ಖಾತೆಯ ಪಿನ್ ನನಗೇ ಗೊತ್ತಿರಲಿಲ್ಲ. ಯಾರೂ ಕಿತ್ತುಕೊಂಡಿರಲಿಲ್ಲ. ಕಾರ್ಡ್ ಅವರ ಪರ್ಸಿನಲ್ಲಿತ್ತು, ನಾನು ಕೇಳಿರಲಿಲ್ಲ, ಅಷ್ಟೇ. (ಇದನ್ನು ಅವರೂ ಓದುತ್ತಾರೆ. ಓದಲಿ.)

ಇನ್ನೊಂದು ಜಾಗವಿದೆ. ಯಜಮಾನ ಅವಳನ್ನು ಗುಟ್ಟಾಗಿ ಕರೆದು, ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಆಡಿಸುತ್ತಾನೆ. ಬಹಳ ದಿನದ ಮೇಲೆ ಅಕ್ಷರ ಮುಟ್ಟಿದವಳಿಗೆ ಸ್ಪೆಲ್ಲಿಂಗ್ ಜೋಡಿಸುವಾಗ ನಾಲಿಗೆಯೇ ದಪ್ಪವಾದ ಹಾಗೆ ಅನ್ನಿಸುತ್ತದೆ. ಅದನ್ನು ಓದಿದಾಗ ಯಾರಿಗೂ ಅರ್ಥ ಬಿಡಿಸಿ ಹೇಳುವ ಕೆಲಸ ಇರಲಿಲ್ಲ. ಇಡೀ ಕ್ಲಾಸು ತಲೆ ಆಡಿಸಿತು.

ಗುರುವಾರ ಕೊನೆಯ ಭಾಗ ಓದುತ್ತೇವೆ. ಗಿಲಿಯಡ್ ಬಿದ್ದು ಎಷ್ಟೋ ಕಾಲವಾಗಿ, 2195ರಲ್ಲಿ ಒಂದು ವಿಚಾರ ಸಂಕಿರಣ. ದೊಡ್ಡ ಪ್ರೊಫೆಸರೊಬ್ಬರು ಅವಳ ಕಥೆಯ ಮೇಲೆ ಭಾಷಣ ಮಾಡುತ್ತಾರೆ. ನಡುನಡುವೆ ಜೋಕು, ಸಭೆಯಲ್ಲಿ ನಗು. ಅವಳ ಹೆಸರು ಏನಿತ್ತು ಅಂತ ಗೊತ್ತಾಗುವುದಿಲ್ಲ. ಫ್ರೆಡ್ ಯಾರು ಅಂತ ಹುಡುಕುವುದರಲ್ಲಿ ಮಾತ್ರ ಭಾರೀ ಉತ್ಸಾಹ. ಆಕೆ ಇನ್ನೂ ಒಳ್ಳೆಯ ಮಾಹಿತಿ ಬಿಟ್ಟುಹೋಗಬೇಕಿತ್ತು ಅಂತ ಬೇಸರ ಬೇರೆ.

ನಮ್ಮ ಹಿರಿಯರನ್ನೂ ಕರೆಯಬೇಕು ಅಂತಿದ್ದೇನೆ. ಮೂರನೇ ಪೀರಿಯಡ್ ಸಾರ್, ಕೊನೇ ಬೆಂಚಿನಲ್ಲಿ ಜಾಗ ಇದೆ.