ಒಳಗಿನ ಚಿಲಕ ಎಲ್ಲಿದೆ?

ಕಾಲೇಜಿಗೆ ಯಾರಾದರೂ ಚಾಕುನೋ ಬಂದೂಕೋ ಹಿಡಿದು ನುಗ್ಗಿದರೆ ಮಕ್ಕಳು ಏನು ಮಾಡಬೇಕು ಅಂತ ಕೇಳಿದರೆ ನಮ್ಮ ಕಡೆ ನಗುತ್ತಾರೆ. "ಮನೆಮನೆಯಲ್ಲಿ ಕೋವಿ ಇರೋ ಕೊಡಗಿದು, ಇಲ್ಲಿಗೆ ಯಾರು ಬರ್ತಾರೆ?" ಕೋವಿ ಇರುವುದು ಮನೆಯ ಗೋಡೆ ಮೇಲೆ. ಮಗಳು ಕ್ಲಾಸಿಗೆ ಒಯ್ಯುವುದು ಟಿಫನ್ ಬಾಕ್ಸ್.

ಬರುವವನು ಹೊರಗಿನವನೇ ಆಗಬೇಕು ಅಂತಲೂ ಇಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕ್ಯಾಂಪಸ್ಸಿನಲ್ಲಿ ಎಂಸಿಎ ಹುಡುಗಿಯನ್ನು ಇರಿದು ಕೊಂದವನು ಹಿಂದೆ ಅವಳ ಜೊತೆಗೇ ಓದಿದವನು. ಇಂಥ ಹುಡುಗರು ಪೀಡಿಸುವಾಗ, ಬೆದರಿಸುವಾಗ ಅದನ್ನು ಮನೆಯಲ್ಲೇ ಮುಚ್ಚಿಡಬೇಡಿ. ಮರ್ಯಾದೆ ಆಮೇಲೆ ನೋಡಿಕೊಳ್ಳೋಣ. ಕಾಲೇಜಿಗೂ ಪೊಲೀಸರಿಗೂ ಬರೆದು ಕೊಡಿ.

ಅಮೆರಿಕದಲ್ಲಿ ಇದಕ್ಕೊಂದು ಪಾಠವೇ ಇದೆ. ಹ್ಯೂಸ್ಟನ್ ನಗರದವರು 2012ರಲ್ಲಿ ವಿಡಿಯೋ ಮಾಡಿ ಹಂಚಿದ್ದು: ಮೊದಲು ಓಡು, ಆಗದಿದ್ದರೆ ಅಡಗು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ತಿರುಗಿ ಬೀಳು. ಮಾತು ಸರಿ. ಆದರೆ ನಮ್ಮ ಕಟ್ಟಡದಲ್ಲಿ ಓಡುವುದು ಎಲ್ಲಿಗೆ? ಇರುವುದು ಒಂದೇ ಮೆಟ್ಟಿಲು, ಹಿಂದಿನ ಗೇಟಿಗೆ ವರ್ಷವಿಡೀ ಬೀಗ, ಕಿಟಕಿಗೆಲ್ಲ ಸರಳು.

2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ನಾರಿಸ್ ಹಾಲ್ ಕಟ್ಟಡದ ಬಾಗಿಲುಗಳಿಗೆ ಒಳಗಿನಿಂದಲೇ ಸರಪಳಿ ಬಿಗಿದಿದ್ದ. ಅಲ್ಲಿ 204ನೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದ 76 ವರ್ಷದ ಲಿವಿಯು ಲಿಬ್ರೆಸ್ಕು ಮೇಷ್ಟ್ರು ಬಾಗಿಲಿಗೆ ಮೈಯೊಡ್ಡಿ ನಿಂತರು. ಹಲವು ಹುಡುಗರು ಕಿಟಕಿಯಿಂದ ಹಾರಿ ಬದುಕಿದರು, ಮೇಷ್ಟ್ರು ಉಳಿಯಲಿಲ್ಲ. ಅದೇ ಮಹಡಿಯ 205ರಲ್ಲಿ ಮಕ್ಕಳು ಮೇಜನ್ನು ಬಾಗಿಲಿಗೆ ಒತ್ತಿ ಹಿಡಿದರು. ಅವನು ಬಾಗಿಲಿನ ಮೂಲಕವೇ ಗುಂಡು ಹಾರಿಸಿದರೂ ಒಳಗೆ ಬರಲಾಗಲಿಲ್ಲ. ಆ ಕೋಣೆಯಲ್ಲಿ ಒಬ್ಬರೂ ಸಾಯಲಿಲ್ಲ. ಬೀಗವೂ ಇಲ್ಲದ ಬಾಗಿಲು ಅದು, ನೆನಪಿರಲಿ.

ಇದೆಲ್ಲ ತಲೆಯಲ್ಲಿ ಇದ್ದಿದ್ದಕ್ಕೋ ಏನೋ, ಮಗಳ ಕಾಲೇಜಿನ ಪೋಷಕರ ಸಭೆಗೆ ಹೋದಾಗ ಕ್ಲಾಸ್ ರೂಮಿನ ಬಾಗಿಲು ನೋಡಿದೆ. ಹೊರಗಡೆ ದಪ್ಪ ಚಿಲಕ, ಬೀಗ ಹಾಕಲು ಕೊಂಡಿ. ಒಳಗಡೆ ಟವರ್ ಬೋಲ್ಟ್ ಚಿಲಕ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು, ಅದರ ಮೇಲೆ ಬಣ್ಣ ಬಳಿದಿದ್ದಾರೆ. ಕೇಳಿದರೆ, "ಒಳಗಿಂದ ಹಾಕ್ಕೊಂಡು ಹುಡುಗರು ಗಲಾಟೆ ಮಾಡ್ತಾರೆ ಮೇಡಂ, ಅದಕ್ಕೆ ತೆಗೆಸಿದ್ವಿ." ಕಾರಿಡಾರಿನಲ್ಲಿ ಮಾತ್ರ ಹೊಸ ಸಿಸಿಟಿವಿ! ಕ್ಯಾಮೆರಾ ಯಾರನ್ನು ತಡೆಯುತ್ತದೆ? ಆಮೇಲೆ ಟಿವಿಯವರಿಗೆ ಕೊಡಲು ಚೆನ್ನಾಗಿರುತ್ತದೆ ಅಷ್ಟೆ.

ಸುದ್ದಿ ಮುಟ್ಟಿಸುವುದು ಇನ್ನೊಂದು ವಿಷಯ. ವರ್ಜೀನಿಯಾದಲ್ಲಿ ಮೊದಲ ಗುಂಡು ಹಾರಿದ್ದು ಬೆಳಿಗ್ಗೆ 7.15ರ ಸುಮಾರಿಗೆ, ಹಾಸ್ಟೆಲಿನಲ್ಲಿ. ಎಲ್ಲರಿಗೂ ಇಮೇಲ್ ಹೋಗಿದ್ದು 9.26ಕ್ಕೆ. ಸ್ವಲ್ಪ ಹೊತ್ತಿಗೇ ನಾರಿಸ್ ಹಾಲ್. ನಮ್ಮಲ್ಲಿ ತೋಟಕ್ಕೆ ಒಂಟಿ ಸಲಗ ಇಳಿದರೆ ಐದೇ ನಿಮಿಷದಲ್ಲಿ ಕೂಲಿಯವರ ಲೈನ್ ಮನೆಯಿಂದ ಸ್ಕೂಲ್ ಬಸ್ ಡ್ರೈವರ್‌ವರೆಗೂ ವಾಟ್ಸಾಪ್ ಮೆಸೇಜ್ ಹೋಗಿರುತ್ತದೆ, ಅಲ್ವಾ? ಆ ಚುರುಕು ಕಾಲೇಜಿಗೂ ಬರಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರೂ ಸಾಯುತ್ತದೆ, ಹಾಗಾಗಿ ಹಳೇ ಕಬ್ಬಿಣದ ಗಂಟೆಯನ್ನು ಎಸೆಯಬೇಡಿ. ಬಿಡದೆ ಹೊಡೆದರೆ ಏನರ್ಥ ಅಂತ ಮಕ್ಕಳಿಗೆ ಮೊದಲೇ ಗೊತ್ತಿರಬೇಕು.

ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ದಾರಿ ಇದ್ದರೆ ಬ್ಯಾಗ್ ಬಿಟ್ಟು ಓಡಿ, ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಇಲ್ಲದಿದ್ದರೆ ಬೆಂಚುಗಳನ್ನು ಬಾಗಿಲಿಗೆ ಜೋಡಿಸಿ, ಲೈಟ್ ಆರಿಸಿ, ಮೊಬೈಲ್ ಸೈಲೆಂಟ್ ಮಾಡಿ, ಬಾಗಿಲಿನ ನೇರಕ್ಕೆ ಕೂರಬೇಡಿ. 112ಕ್ಕೆ ಕರೆ ಮಾಡಿ ಊರು, ಕಟ್ಟಡ, ಮಹಡಿ ಹೇಳಿ. ಯಾರಿಗಾದರೂ ಚಾಕು ಚುಚ್ಚಿಕೊಂಡಿದ್ದರೆ ಕೀಳಬೇಡಿ, ಸುತ್ತ ಬಟ್ಟೆ ಒತ್ತಿ ಹಿಡಿಯಿರಿ. ಪೊಲೀಸರು ಬಂದಾಗ ಬರಿಗೈ ಮೇಲೆತ್ತಿ ಹೊರಗೆ ಬನ್ನಿ, ಯಾರು ಯಾರು ಅಂತ ಅವರಿಗೆ ಗೊತ್ತಿರುವುದಿಲ್ಲ.

ಬೋಲ್ಟಿನ ದುಡ್ಡು ನಾವೇ ಪೋಷಕರು ಸೇರಿ ಹಾಕುತ್ತೇವೆ ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ದೇನೆ. ಆಡಳಿತ ಮಂಡಳಿ ಮುಂದೆ ಇಡುತ್ತಾರಂತೆ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆಯವರು ನಿಮ್ಮ ಮಕ್ಕಳ ಕ್ಲಾಸಿನ ಬಾಗಿಲನ್ನೂ ಒಮ್ಮೆ ಒಳಗಿನಿಂದ ನೋಡಿ ಬಂದು ಇಲ್ಲಿ ಬರೆಯಿರಿ.