ಏಳು ದಿನದ ವಾರಕ್ಕೆ ಎಂಟು ದಿನದ ವೈಫೈ

ದೊಡ್ಡ ಚರ್ಚೊಂದರ ಕಂಪ್ಯೂಟರ್ ಉಸ್ತುವಾರಿ ನನ್ನ ತಲೆಗೆ ಕಟ್ಟಿಕೊಂಡದ್ದು ಒಂದು ಪ್ರಿಂಟರ್‌ನಿಂದ. ಆರಾಧನೆ ಮುಗಿಸಿ ಆಫೀಸ್ ಬಾಗಿಲ ಮುಂದೆ ಹಾದು ಹೋಗುತ್ತಿದ್ದೆ. ಒಳಗೆ ಪಾಸ್ಟರ್ ಪ್ರಿಂಟರಿನ ಬೆನ್ನು ತಟ್ಟುತ್ತಾ ನಿಂತಿದ್ದರು. ನೋಡಲಾರದೆ ಒಳಗೆ ಹೋಗಿ, ಸಡಿಲವಾಗಿದ್ದ ವೈರನ್ನು ಒತ್ತಿದೆ. ಅದು ಗೊರ್ ಎಂದು ಒಂದು ಹಾಳೆ ಕಕ್ಕಿತು. ಸತ್ತವನನ್ನು ಎಬ್ಬಿಸಿದ ಹಾಗೆ ಪಾಸ್ಟರ್ ನನ್ನನ್ನೇ ನೋಡಿದರು. "ಬ್ರದರ್, ನಿಮಗೆ ಇದೆಲ್ಲ ಬರುತ್ತಲ್ವಾ?" ಎಂದರು. ಸುಮ್ನೆ ಇಲ್ಲ ಅಂದುಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. "ಸ್ವಲ್ಪ ಸ್ವಲ್ಪ" ಎಂದೆ.

ಆ ಸ್ವಲ್ಪದಲ್ಲಿ ಏನೇನಿತ್ತು ಅಂತ ಆಮೇಲೆ ಗೊತ್ತಾಯಿತು. ವೈಫೈ, ಹಾಡಿನ ಸಾಲು ತೋರಿಸುವ ಪರದೆ, ನೇರ ಪ್ರಸಾರದ ಕ್ಯಾಮೆರಾ, ಕಾಣಿಕೆ ಲೆಕ್ಕದ ಸಾಫ್ಟ್‌ವೇರ್, ಸದಸ್ಯರ ಪಟ್ಟಿ, ಸಂಡೇ ಸ್ಕೂಲಿನ ಟ್ಯಾಬ್ಲೆಟ್, ಗೋಪುರದ ಎಲೆಕ್ಟ್ರಾನಿಕ್ ಗಂಟೆ. ಸರ್ವರ್ ಇರುವುದು ಕ್ವೈರ್, ಅಂದರೆ ಹಾಡುವ ತಂಡದವರ ನಿಲುವಂಗಿ ನೇತುಹಾಕುವ ಬೀರುವಿನಲ್ಲಿ. ಅದರ ಪಾಸ್‌ವರ್ಡ್ ಒಂದು ನಿಲುವಂಗಿಯ ಜೇಬಿನಲ್ಲಿತ್ತು. ಅದೂ ಒಗೆಯಲು ಹೋಗಿತ್ತು.

ಬೇರೆ ಆಫೀಸುಗಳಲ್ಲಿ ಸೋಮವಾರ ಕೆಟ್ಟದ್ದನ್ನು ಮಂಗಳವಾರ ಸರಿಮಾಡಬಹುದು. ಚರ್ಚಿನಲ್ಲಿ ಆರು ದಿನ ಎಲ್ಲ ಯಂತ್ರಗಳೂ ನಿದ್ದೆ ಮಾಡುತ್ತವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲವೂ ಒಟ್ಟಿಗೆ ಏಳಬೇಕು. ಏಳುವಾಗಲೇ ಅವಕ್ಕೆ ಅಪ್‌ಡೇಟ್ ನೆನಪಾಗುತ್ತದೆ. ಸಾಫ್ಟ್‌ವೇರ್ ಮಾರಿದವರ ಸಹಾಯವಾಣಿ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಭಾನುವಾರ ತೆರೆದಿರುವ ಸಹಾಯವಾಣಿ ಒಂದೇ. ಅದಕ್ಕೆ ನಾನು ತುಂಬಾ ಸಲ ಕರೆ ಮಾಡಿದ್ದೇನೆ.

ಮೊದಲ ಅವಾಂತರ ವೈಫೈಯದು. ಶನಿವಾರ ಖಾಲಿ ಹಾಲ್‌ನಲ್ಲಿ ಮೂಲೆ ಮೂಲೆಗೆ ನಿಂತು ಪರೀಕ್ಷೆ ಮಾಡಿದ್ದೆ. ಎಲ್ಲ ಕಡೆ ಸಿಗ್ನಲ್ ಪೂರ್ತಿ. ಭಾನುವಾರ ಜನ ತುಂಬಿದರು, ಸಿಗ್ನಲ್ ಒಣಗಿತು. ಮನುಷ್ಯನ ಮೈಯಲ್ಲಿ ಬಹುಪಾಲು ನೀರು. ನೀರು ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತದೆ. ಸಾಲದ್ದಕ್ಕೆ, ಹಳೇ 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು ಮೂರೇ: 1, 6, 11. ಇದನ್ನೆಲ್ಲ ಪಾಸ್ಟರ್‌ಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಅಂದರೆ ಜನ ಕಡಿಮೆ ಬರಬೇಕು ಅಂತೀರಾ?" ಎಂದರು.

ಅದು ಸರಿಹೋಯಿತು ಅನ್ನುವಷ್ಟರಲ್ಲಿ ಸಂಡೇ ಸ್ಕೂಲಿನ ಹೊಸ ಟ್ಯಾಬ್ಲೆಟ್ ಕೈಕೊಟ್ಟಿತು. ಮಗುವಿನ ಹೆಸರು ಒತ್ತಿದರೆ ಚೀಟಿ ಬರಬೇಕು, ಆ ಚೀಟಿ ತೋರಿಸಿದ ದೊಡ್ಡವರ ಜೊತೆಗೇ ಮಗುವನ್ನು ಕಳಿಸಬೇಕು. ಆವತ್ತೇ ಅದರ ಉದ್ಘಾಟನೆ. ವೈಫೈ ಗುರುತು ತುಂಬಿದೆ, ಆದರೆ ಟ್ಯಾಬ್ಲೆಟ್ 'ವಿಳಾಸ ಸಿಗುತ್ತಿಲ್ಲ' ಎಂದು ಸುತ್ತುತ್ತಲೇ ಇದೆ. ಹಿಂದೆ ನಲವತ್ತು ಮಕ್ಕಳ ಸಾಲು. ನಾನು ನೆಲದ ಮೇಲೆ ಕೂತಿದ್ದೆ. ಒಬ್ಬ ಪುಟ್ಟ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಂಕಲ್, ಆಫ್ ಮಾಡಿ ಆನ್ ಮಾಡಿ" ಎಂದ. ಅದನ್ನು ಆಗಲೇ ಮೂರು ಸಲ ಮಾಡಿದ್ದೆ ಅಂತ ಅವನಿಗೆ ಹೇಳಲಿಲ್ಲ.

ಕಾರಣ ಗೊತ್ತಾದದ್ದು ಮಧ್ಯಾಹ್ನ. ನೆಟ್‌ವರ್ಕಿಗೆ ಬರುವ ಒಂದೊಂದು ಫೋನಿಗೂ ಸರ್ವರ್ ಒಂದು ವಿಳಾಸ ಕೊಡುತ್ತದೆ. ನಮ್ಮಲ್ಲಿ ಇದ್ದದ್ದು 254 ವಿಳಾಸ. ಒಮ್ಮೆ ಕೊಟ್ಟರೆ ಎಷ್ಟು ದಿನ ಅವರ ಹೆಸರಲ್ಲೇ ಇರಬೇಕು? ನಮ್ಮ ಸರ್ವರಿನಲ್ಲಿ ಮೊದಲಿಂದಲೂ ಇದ್ದ ಲೆಕ್ಕ 8 ದಿನ. ಭಾನುವಾರದಿಂದ ಭಾನುವಾರಕ್ಕೆ ಏಳೇ ದಿನ ಅಲ್ವಾ? ಹಾಗಾಗಿ ಹೋದ ವಾರ ಬಂದವರ ವಿಳಾಸ ಈ ವಾರವೂ ಭದ್ರ, ಅವರು ಬರಲಿ ಬಿಡಲಿ. ಬಸ್ ಸೀಟಿಗೆ ಟವೆಲ್ ಹಾಕಿ ಇಳಿದು ಹೋದ ಹಾಗೆ. ಮೇಲಾಗಿ ಶನಿವಾರ ಒಂದು ಮದುವೆ ಇತ್ತು. ಅಲ್ಪಸ್ವಲ್ಪ ಉಳಿದಿದ್ದ ವಿಳಾಸಗಳನ್ನು ಗಂಡಿನ ಕಡೆಯವರ ಫೋನುಗಳು ಬಳಿದುಕೊಂಡು ಹೋಗಿದ್ದವು. ಹೆಣ್ಣನ್ನು ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ, ವಿಳಾಸ ಯಾಕೆ? ಈಗ ಆ 8 ದಿನವನ್ನು ಎರಡು ಗಂಟೆಗೆ ಇಳಿಸಿದ್ದೇನೆ.

ನೇರ ಪ್ರಸಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಅರ್ಧ ನಿಮಿಷ ತಡವಾಗಿ ಹೋಗುತ್ತದೆ ಅನ್ನುವುದು ಹಾಲ್‌ನ ಕೊನೇ ಬೆಂಚಿನವರಿಗೆ ಗೊತ್ತಿಲ್ಲ. ಪಾಸ್ಟರ್ ಕಾಣದಷ್ಟು ದೂರ ಕೂತು, ಅವರನ್ನು ಫೋನಿನಲ್ಲಿ ನೋಡುತ್ತಾರೆ. ಫೋನಿನ ಸದ್ದು ಆರಿಸುವುದಿಲ್ಲ. ಎಲ್ಲರೂ ಆಮೆನ್ ಅಂದು ಕೂತು, ಸ್ತಬ್ಧವಾದ ಮೇಲೆ ಹಿಂದಿನಿಂದ ಸಣ್ಣದಾಗಿ ಇನ್ನೊಂದು ಸಭೆಯೇ ಆಮೆನ್ ಅನ್ನುತ್ತದೆ. ಇನ್ನೊಂದು ಸಲ ನಮ್ಮ ಆರ್ಗನ್ ನುಡಿಸುವವರು ಬಾಖ್‌ನ ಒಂದು ಕೃತಿ ನುಡಿಸಿದರು. ಇದು ಇಂಥವರ ಸ್ವತ್ತು ಎಂದು ವಿಡಿಯೊ ತಾಣದ ಯಂತ್ರ ತಕರಾರು ತೆಗೆಯಿತು. ಬಾಖ್ ತೀರಿಕೊಂಡದ್ದು 1750ರಲ್ಲಿ.

ಸದಸ್ಯರ ಪಟ್ಟಿ ಮಾತ್ರ ನನ್ನ ಆಯುಸ್ಸು ತಿಂದಿದೆ. ಆಫೀಸಿನದು ಒಂದು ಪಟ್ಟಿ, ಕ್ವೈರಿನದು ಒಂದು, ಕಾಣಿಕೆಯವರದು ಒಂದು, ಸಂಡೇ ಸ್ಕೂಲಿನದು ಒಂದು. ನಾಲ್ಕನ್ನೂ ಸೇರಿಸಿ ಒಂದು ಮಾಡಬೇಕಿತ್ತು. ಒಂದರಲ್ಲಿ ಥಾಮಸ್, ಒಂದರಲ್ಲಿ ತೋಮಸ್, ಒಂದರಲ್ಲಿ ಟಾಮಸ್, ಕ್ವೈರಿನದರಲ್ಲಿ ಬರೀ 'ತೋಮಣ್ಣ, ದಪ್ಪ ದನಿ'. ಇವರೆಲ್ಲ ಒಬ್ಬರೇನಾ ಎಂದು ಸಾಫ್ಟ್‌ವೇರ್ ಒಂದೊಂದು ಸಲವೂ ಕೇಳುತ್ತದೆ. ಹೌದು ಅಂದರೆ 'ಖಚಿತವೇ?' ಅನ್ನುತ್ತದೆ. ಸಂಶಯದ ತೋಮನೂ ಇಷ್ಟು ಸಲ ಕೇಳಿರಲಾರ. ದಾವೀದ ಅರಸ ಜನಗಣತಿ ಮಾಡಿಸಿ ದೇವರ ಕೋಪಕ್ಕೆ ಗುರಿಯಾದ ಕಥೆ ಸಮುವೇಲನ ಎರಡನೇ ಪುಸ್ತಕದಲ್ಲಿದೆ. ಅವನ ಸೇನಾಪತಿ ಯೋವಾಬ ದೇಶವೆಲ್ಲ ಸುತ್ತಿ ಆ ಲೆಕ್ಕ ಮುಗಿಸಲು ಒಂಬತ್ತು ತಿಂಗಳು ಇಪ್ಪತ್ತು ದಿನ ಹಿಡಿಯಿತಂತೆ. ನನಗೆ ಹನ್ನೊಂದು ತಿಂಗಳಾದಾಗ ಇನ್ನೂ 'ಪ' ಅಕ್ಷರದಲ್ಲಿದ್ದೆ. ದೇವರು ಯಾಕೆ ಕೋಪಿಸಿಕೊಂಡ ಅಂತ ಆಗ ಹೊಳೆಯಿತು.

ಆಮೇಲೆ ಹುಟ್ಟಿದ ದಿನಗಳು. ಹಿಂದೆ ಯಾರೋ ಪುಣ್ಯಾತ್ಮರು ಇಸವಿಯ ಕೊನೇ ಎರಡು ಅಂಕಿ ಮಾತ್ರ ಬರೆದಿದ್ದರು. ನಮ್ಮ ಸ್ಪ್ರೆಡ್‌ಶೀಟ್ 00ರಿಂದ 29ರವರೆಗಿನ ಅಂಕಿ ಕಂಡರೆ 2000ದ ಲೆಕ್ಕಕ್ಕೆ ಹಾಕುತ್ತದೆ, 30ರಿಂದ 99 ಕಂಡರೆ 1900ರ ಲೆಕ್ಕಕ್ಕೆ. 1921ರಲ್ಲಿ ಹುಟ್ಟಿದ ಒಬ್ಬ ಅಜ್ಜಿ ಹೀಗೆ 2021ರಲ್ಲಿ ಮತ್ತೆ ಹುಟ್ಟಿದರು. 2024ರಲ್ಲಿ ಅವರಿಗೆ ಮೂರು ವರ್ಷ ತುಂಬಿತು. ಸಾಫ್ಟ್‌ವೇರ್ ತಾನಾಗಿಯೇ 'ಮುದ್ದು ಮಗುವಿನ ತಂದೆ ತಾಯಿಗೆ' ಎಂದು ಒಂದು ಕಾಗದ ಕಳಿಸಿತು. ಮಗುವನ್ನು ಸಂಡೇ ಸ್ಕೂಲಿಗೆ ಸೇರಿಸಿ, ಬಣ್ಣದ ಪೆನ್ಸಿಲ್ ಕೊಟ್ಟು ಕಳಿಸಿ ಅಂತ.

ಅಜ್ಜಿಯೇ ಫೋನ್ ಮಾಡಿದರು. ದನಿ ಗಟ್ಟಿಯಾಗಿಯೇ ಇತ್ತು. "ನಮ್ಮಪ್ಪ ಅಮ್ಮನಿಗೆ ಒಂದು ಕಾಗದ ಬಂದಿದೆ ಕಣಪ್ಪ. ತಲುಪಿಸ್ತೀನಿ. ಆದರೆ ನಾನು ಹೊರಡೋಕೆ ಇನ್ನೂ ಸ್ವಲ್ಪ ಟೈಮ್ ಇದೆ. ನಿಮಗೇನು ಅರ್ಜೆಂಟ್ ಇಲ್ವಲ್ಲ?"

ಅವರಿಗಿಂತ ಹಳಬರ ಕಥೆ ಇನ್ನೂ ಕಷ್ಟ. ದೀಕ್ಷಾಸ್ನಾನದ ಹಳೇ ರಿಜಿಸ್ಟರಿನಲ್ಲಿ 1890ರ ದಶಕದವರಿದ್ದಾರೆ. 1900ರ ಜನವರಿ 1ಕ್ಕೆ ಮುಂಚಿನ ಯಾವ ತಾರೀಖನ್ನೂ ನಮ್ಮ ಸ್ಪ್ರೆಡ್‌ಶೀಟ್ ತಾರೀಖು ಅಂತ ಒಪ್ಪುವುದಿಲ್ಲ. ಲೋಕ ಸೃಷ್ಟಿಯ ಕಥೆ ಹೇಳುವ ಆದಿಕಾಂಡಕ್ಕೆ ಅದರದೇ ಒಂದು ಆವೃತ್ತಿ ಇದೆ. ಅಷ್ಟು ಸಾಲದೆ, 1900ರಲ್ಲಿ ಫೆಬ್ರವರಿ 29 ಇತ್ತು ಎಂದು ವಾದಿಸುತ್ತದೆ. ಇರಲಿಲ್ಲ. ಕೊನೆಗೆ ಹಳೇ ರಿಜಿಸ್ಟರಿಗೇ ಬೈಂಡ್ ಹಾಕಿಸಿ ಇಟ್ಟೆ. ಇವತ್ತಿನವರೆಗೆ ಅದು ಅಪ್‌ಡೇಟ್ ಕೇಳಿಲ್ಲ.

ಈ ನಡುವೆ ಪಾಸ್ಟರ್ ಹೆಸರಲ್ಲಿ ಕಳ್ಳ ಮೇಲ್‌ಗಳು ಶುರುವಾದವು. 'ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ಕಳಿಸಿ.' ಇದು ನಮ್ಮ ಚರ್ಚಿನ ವಿಶೇಷವೇನಲ್ಲ. ಧರ್ಮಗುರುಗಳ ಹೆಸರಲ್ಲಿ ನಡೆಯುವ ಈ ಮೋಸದ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ನಾನೂ ಒಂದು ಭಾನುವಾರ ಐದು ನಿಮಿಷ ಕೇಳಿ ಪಡೆದು, ವೇದಿಕೆ ಹತ್ತಿದೆ. ಬೇರೆ ಐಡಿಯಿಂದ ಬಂದ, ತುರ್ತು ಅನ್ನುವ ಮೇಲ್ ಯಾವುದನ್ನೂ ನಂಬಬೇಡಿ, ನೋಡಿದ ಕೂಡಲೇ ಅಳಿಸಿ ಎಂದೆ. ನನ್ನ ಜೀವಮಾನದಲ್ಲಿ ಜನ ಪೂರ್ತಿ ಕೇಳಿದ ಮಾತು ಅದೊಂದೇ.

ಮುಂದಿನ ಗುರುವಾರ ಪಾಸ್ಟರ್ ಮನೆಯ ಮೇಲ್ ಐಡಿಯಿಂದ ಸಮಿತಿಯವರಿಗೆಲ್ಲ ಬರೆದರು. 'ಪ್ರಿಯರೇ, ತುರ್ತು. ಸಂಜೆ ಆರಕ್ಕೆ ತಪ್ಪದೆ ಬನ್ನಿ.' ಆರಕ್ಕೆ ಅವರೊಬ್ಬರೇ ಹನ್ನೆರಡು ಕುರ್ಚಿಗಳ ನಡುವೆ ಕೂತಿದ್ದರು. ಉತ್ತರ ಬಂದದ್ದು ಒಂದೇ, ಹಿರಿಯ ಸದಸ್ಯರೊಬ್ಬರಿಂದ: 'ನೀನು ಯಾರೆಂದು ಬಲ್ಲೆ. ಸೈತಾನನೇ, ತೊಲಗಿಹೋಗು.' ಆವತ್ತಿನ ಸಭೆಯ ವಿಷಯ, ನನಗೊಬ್ಬ ಸಹಾಯಕನನ್ನು ಕೊಡುವುದು. ಕೋರಂ ಇಲ್ಲದೆ ಬಿದ್ದುಹೋಯಿತು.

ಗಂಟೆಯ ವಿಷಯದಲ್ಲಿ ಮಾತ್ರ ತಪ್ಪು ಪೂರ್ತಿ ನನ್ನದೇ. ಕ್ರಿಸ್‌ಮಸ್ ಪ್ರತಿವರ್ಷ ಡಿಸೆಂಬರ್ 25. ಗಂಟೆಯ ಸಾಫ್ಟ್‌ವೇರಿನಲ್ಲಿ 'ಪ್ರತಿವರ್ಷ' ಎಂದು ಟಿಕ್ ಹಾಕಿದರೆ ಮುಗಿಯಿತು. 2024ರ ಮಾರ್ಚ್ 31ಕ್ಕೆ ಈಸ್ಟರ್ ಇತ್ತು. ಬೆಳಗಿನ ಜಾವ ಐದಕ್ಕೆ ಗಂಟೆ, ಹೊರಗಿನ ದೀಪ, ಸ್ಪೀಕರಿನಲ್ಲಿ ಉತ್ಥಾನದ ಹಾಡು, ಎಲ್ಲವನ್ನೂ ಹೊಂದಿಸಿ, ಅದೇ ಕೈಯಲ್ಲಿ 'ಪ್ರತಿವರ್ಷ' ಒತ್ತಿಬಿಟ್ಟಿದ್ದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ ಈಸ್ಟರ್. ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಬೆರಳಿಗೆ ಗೊತ್ತಿರಲಿಲ್ಲ.

2025ರ ಮಾರ್ಚ್ 31, ಸೋಮವಾರ. ಉಪವಾಸದ ದಿನಗಳು ಇನ್ನೂ ನಡೆಯುತ್ತಿದ್ದವು. ಬೆಳಗಿನ ಜಾವ ಐದಕ್ಕೆ ಗೋಪುರ ಝಗ್ಗೆಂದಿತು, ಗಂಟೆ ಹೊಡೆಯಿತು, ಕ್ರಿಸ್ತ ಎದ್ದನೆಂದು ಸುತ್ತಲಿನ ನಾಲ್ಕು ಬೀದಿಗೂ ಕೇಳುವಂತೆ ಸ್ಪೀಕರ್ ಸಾರಿತು. ಇಪ್ಪತ್ತು ದಿನ ಮೊದಲೇ. ನಾನು ಪೈಜಾಮದಲ್ಲೇ ಓಡಿ ಬಂದೆ. ಪಾಸ್‌ವರ್ಡ್ ನೆನಪಾಗಲಿಲ್ಲ. ಪ್ಲಗ್ ಕಿತ್ತೆ. ಹೊರಗೆ ಬಂದರೆ ಮೆಟ್ಟಿಲ ಮೇಲೆ ಹಿರಿಯರೊಬ್ಬರು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಕೈಯಲ್ಲಿ ಹಚ್ಚದ ಮೇಣದ ಬತ್ತಿ ಹಿಡಿದು ನಿಂತಿದ್ದಾರೆ. "ನಾನೇ ಮೊದಲ್ನೇನಾ?" ಎಂದರು ಖುಷಿಯಿಂದ.

ಪಾಸ್ಟರ್ ಬೈಯಲಿಲ್ಲ. ಸಂಜೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ತಾವೇ ಬರೆದು ಬೀರುವಿನ ಒಳಗೆ ಅಂಟಿಸಿದರು. 2026 ಏಪ್ರಿಲ್ 5. 2027 ಮಾರ್ಚ್ 28. 2028 ಏಪ್ರಿಲ್ 16. 2029 ಏಪ್ರಿಲ್ 1. ಕೊನೇ ಸಾಲನ್ನು ಬರೆದು ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

"ಬ್ರದರ್, ಆ ಒಂದು ವರ್ಷ ಗಂಟೆ ನಾನೇ ಹೊಡೀತೀನಿ. ನೀವು ಹೊಡೆದರೆ ಯಾರೂ ನಂಬಲ್ಲ."