ಸೂಪ್ ಹುಳಿಯಾಗಿರಲಿ, ಪಕ್ಕದಲ್ಲಿ ಖಾರಾ ಬನ್ ಇರಲಿ

ಮೊನ್ನೆ ಒಂದು ನಾಮಕರಣದ ಊಟಕ್ಕೆ ಹೋಗಿದ್ದೆ. ಬಫೆ. ಒಳಗೆ ಕಾಲಿಡುತ್ತಿದ್ದ ಹಾಗೇ ಕೈಗೊಂದು ಪುಟ್ಟ ಕಪ್ ಕೊಟ್ಟರು. ಟೊಮೆಟೊ ಸೂಪ್. ಮೇಲೆ ಎಣ್ಣೆ ಕುಡಿದ ನಾಲ್ಕು ಚೂರು ಬ್ರೆಡ್. ಒಂದು ಗುಟುಕು ಕುಡಿದೆ, ಸಿಹಿ. ಇನ್ನೊಂದು ಕುಡಿದೆ, ಆಗಲೂ ಸಿಹಿ. ಗಂಜಿಯಷ್ಟು ಮಂದ, ಕುಂಕುಮದಷ್ಟು ಕೆಂಪು. ಟೊಮೆಟೊ ಮಾತ್ರ ಎಲ್ಲೂ ಸಿಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಕಪ್ಪನ್ನು ಕಿಟಕಿ ಕಟ್ಟೆ ಮೇಲಿಟ್ಟು, "ಜಾಮೂನಿನ ಪಾಕಕ್ಕೆ ಮೆಣಸಿನಪುಡಿ ಉದುರಿಸಿದ್ದಾರೆ ಕಣ್ರೀ" ಅಂದರು.

ಅವತ್ತೇ ಇದನ್ನು ಬರೀಬೇಕು ಅಂದುಕೊಂಡೆ. ಟೊಮೆಟೊ ಸೂಪ್ ಹುಳಿಯಾಗಿರಬೇಕು. ಇಷ್ಟೇ ನನ್ನ ತಕರಾರು. ಸೂಪ್ ಹುಳಿ ಇದ್ದರೆ ತಾನೇ ಜೊತೆಗಿಟ್ಟ ತಿಂಡಿಗೂ ಒಂದು ಕೆಲಸ ಇರೋದು? ಸಿಹಿ ಸೂಪಿಗೆ ಜೊತೆ ಏನೂ ಬೇಡ. ರೋಟಿ ಬರೋವರೆಗೆ ಹೊತ್ತು ಕಳೆಯೋಕೆ ಕುಡಿಯೋದು ಅದು.

ಸಿಹಿ ಯಾಕಾಗುತ್ತೆ ಅಂದರೆ, ಕತೆ ಕಾರ್ನ್ ಫ್ಲೋರ್‌ನಿಂದ ಶುರು. ಕಡಿಮೆ ಹಣ್ಣು, ಜಾಸ್ತಿ ನೀರು, ಅದನ್ನು ಗಟ್ಟಿ ಮಾಡೋಕೆ ಕಾರ್ನ್ ಫ್ಲೋರ್. ಹಿಟ್ಟು ಬಿದ್ದ ಮೇಲೆ ರುಚಿ ಸಪ್ಪೆ. ಅದಕ್ಕೆ ಕೆಚಪ್, ಸಾಲದ್ದಕ್ಕೆ ಸಕ್ಕರೆ. ಬಣ್ಣ ಬರಲಿ ಅಂತ ಬೀಟ್‌ರೂಟ್ ಒಂದು ಚೂರು. ಟೊಮೆಟೊ ತುಟ್ಟಿಯಾದಾಗ ಹೀಗೆ ಮಾಡಿದರೆ ನಾನು ಬೈಯುವುದಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಆಗ ಮನೆಯ ಸಾರಿಗೂ ಹುಣಸೆಹಣ್ಣೇ ಗತಿಯಾಗಿತ್ತು. ಆದರೆ ಅದೇ ಕೋಲಾರದ ಕಡೆ ಬೆಲೆ ಬಿದ್ದಾಗ ರೈತರು ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುತ್ತಾರಲ್ಲ, ಆಗಲೂ ಬಫೆಯ ಸೂಪ್ ಹೀಗೇ ಇರುತ್ತೆ. ಅಭ್ಯಾಸ ಆಗಿಬಿಟ್ಟಿದೆ.

ಸೂಪಿಗೆ ನಾಟಿ ಟೊಮೆಟೊ ತನ್ನಿ. ಚಪ್ಪಟೆಯಾಗಿ, ಗೆರೆ ಗೆರೆಯಾಗಿ, ಸಿಪ್ಪೆ ತೆಳ್ಳಗಿರುತ್ತೆ. ಸ್ವಲ್ಪ ಒತ್ತಿದರೂ ಒಡೆಯುತ್ತೆ. ತಳ್ಳೋಗಾಡಿಯವರು "ಹುಳಿ ಟಮೋಟ" ಅಂದರೆ ಇದನ್ನೇ ಕೊಡುತ್ತಾರೆ. ಮೊಟ್ಟೆಯಾಕಾರದ ಗಟ್ಟಿ ಹೈಬ್ರಿಡ್ ಹಣ್ಣಿನ ಮೇಲೆ ನನಗೆ ದ್ವೇಷ ಇಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನೇ ನೋಡಿ. ಎಲೆ ಮುದುಡು, ದುಂಡಾಣು ಸೊರಗು, ಎಲೆಚುಕ್ಕೆ, ಮೂರು ರೋಗ ತಡೆಯುತ್ತೆ. ಲಾರಿಯಲ್ಲಿ ದೂರದ ಊರಿಗೆ ಹೋದರೂ ಹಣ್ಣು ಗಟ್ಟಿಯಾಗಿರುತ್ತೆ. ರೈತನಿಗೆ ಅದೇ ಬೇಕು. ನನ್ನ ಬಾಣಲೆಗೆ ಮಾತ್ರ ಲಾರಿ ಹತ್ತಿದರೆ ಜಜ್ಜಿಹೋಗೋ ಹಣ್ಣೇ ಬೇಕು. ನಾಟಿ ಸಾಕಷ್ಟು ಸಿಗದಿದ್ದರೆ ಅರ್ಧ ಹೈಬ್ರಿಡ್, ಅರ್ಧ ನಾಟಿ ಹಾಕಿ. ಯಾವುದನ್ನೂ ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗೆ ಕೂತ ಟೊಮೆಟೊಗೆ ಪರಿಮಳವೇ ಇರೋದಿಲ್ಲ.

ನಾನು ಮಾಡೋದು ಹೀಗೆ. ಅರ್ಧ ಕೆಜಿ ಹಣ್ಣು, ಒಂದು ಸಣ್ಣ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಬೆರಳುದ್ದದ ಕ್ಯಾರೆಟ್. ಸಕ್ಕರೆ ಡಬ್ಬಿಯ ಹತ್ತಿರವೂ ಹೋಗಲ್ಲ, ಕ್ಯಾರೆಟ್ಟೇ ಸಾಕು. ಒಂದು ಚಮಚ ಬೆಣ್ಣೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ. ಬಣ್ಣ ಬದಲಾಗೋದು ಬೇಡ, ಮೆತ್ತಗಾದರೆ ಸಾಕು. ಟೊಮೆಟೊ, ಕ್ಯಾರೆಟ್, ಐದಾರು ಕಾಳುಮೆಣಸು, ಉಪ್ಪು ಹಾಕಿ. ಗಟ್ಟಿ ಬರೋದಕ್ಕೆ ಎರಡು ಚಮಚ ಅನ್ನ. ಹೌದು, ಮಧ್ಯಾಹ್ನ ಉಳಿದ ಅನ್ನವೇ. ಫ್ರಾನ್ಸಿನವರೂ ತಮ್ಮ ಬಿಸ್ಕ್ ಅನ್ನೋ ಸೂಪಿಗೆ ಹಿಂದಿನಿಂದ ಅನ್ನ ಹಾಕಿಯೇ ಮಂದ ಮಾಡುತ್ತಿದ್ದರು, ನಾವೇನೂ ನಾಚಿಕೊಳ್ಳಬೇಕಾಗಿಲ್ಲ. ಒಂದು ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ.

ಬೀಜ ತೆಗೆದು ಎಸೆಯುವವರಿಗೆ ಒಂದು ಮಾತು. ಬೀಜದ ಸುತ್ತ ಲೋಳೆ ಇರುತ್ತಲ್ಲ, ಹಣ್ಣಿನಲ್ಲಿ ಗ್ಲುಟಮೇಟ್ ಜಾಸ್ತಿ ಇರೋದು ಅಲ್ಲೇ. ಅಜಿನೊಮೊಟೊ ಪುಡಿಯಲ್ಲಿ ಇರೋದೂ ಅದೇ. ಲೋಳೆಯನ್ನು ಸಿಂಕಿಗೆ ಚೆಲ್ಲಿ ಆಮೇಲೆ ಪ್ಯಾಕೆಟ್ ಕತ್ತರಿಸೋದು ಯಾವ ಲೆಕ್ಕ? ಎಲ್ಲವನ್ನೂ ರುಬ್ಬಿ, ಜರಡಿಗೆ ಹಾಕಿ, ಸೌಟಿನ ಬೆನ್ನಲ್ಲಿ ಚೆನ್ನಾಗಿ ಒತ್ತಿ. ಒಣ ಸಿಪ್ಪೆ, ಬೀಜ ಮಾತ್ರ ಮೇಲೆ ಉಳಿಯಬೇಕು.

ಆದರೆ ಆರಿದ ಮೇಲೆ ರುಬ್ಬಿ. ಎರಡು ವರ್ಷದ ಹಿಂದೆ ಅವಸರದಲ್ಲಿ ಕುದಿಯುತ್ತಿದ್ದದ್ದನ್ನೇ ಮಿಕ್ಸಿ ಜಾರಿಗೆ ಸುರಿದು ಗುಂಡಿ ತಿರುಗಿಸಿದೆ. ಒಳಗಿನ ಆವಿ ಮುಚ್ಚಳವನ್ನು ಎತ್ತಿ ಎಸೆಯಿತು. ಕೈ ಮೇಲೆ ಬಿದ್ದದ್ದು ಸ್ವಲ್ಪವೇ, ಪುಣ್ಯ. ಉಳಿದದ್ದೆಲ್ಲ ಗೋಡೆಗೆ, ಸ್ವಿಚ್ಚಿಗೆ, ಕ್ಯಾಲೆಂಡರಿಗೆ. ಆ ವರ್ಷ ನಮ್ಮನೆ ಕ್ಯಾಲೆಂಡರಿನ ಜೂನ್ ತಿಂಗಳಿಗೆ ಎರಡು ಸರ್ಕಾರಿ ರಜೆ ಜಾಸ್ತಿಯಾದವು.

ಹಾಲಿನ ವಿಷಯವನ್ನೂ ಪೆಟ್ಟು ತಿಂದೇ ಕಲಿತೆ. ಕ್ರೀಮ್ ಇಲ್ಲ, ಹಾಲೇ ಹಾಕೋಣ ಅಂತ ಸುರಿದೆ. ಎರಡು ನಿಮಿಷದಲ್ಲಿ ಕೆಂಪು ನೀರಿನಲ್ಲಿ ಪನೀರಿನ ಪುಡಿ ತೇಲಿತು. ಹುಳಿಗೆ ಹಾಲು ಒಡೆಯುತ್ತೆ ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು, ನನಗೆ ಹೊಳೆಯಲಿಲ್ಲ. ಕ್ರೀಮಿನಲ್ಲಿ ಜಿಡ್ಡು ಜಾಸ್ತಿ, ಪ್ರೋಟೀನ್ ಕಡಿಮೆ, ಹಾಗಾಗಿ ಅದು ತಡೆದುಕೊಳ್ಳುತ್ತೆ. ಚಿಟಿಕೆ ಸೋಡಾ ಹಾಕಿ ಹುಳಿ ಇಳಿಸಿ ಹಾಲು ಸೇರಿಸುವವರೂ ಇದ್ದಾರೆ. ಹುಳಿ ಇಳಿಸಿದ ಮೇಲೆ ಅದಕ್ಕೆ ಟೊಮೆಟೊ ಸೂಪ್ ಅಂತ ಯಾಕೆ ಹೆಸರಿಡಬೇಕೋ ನನಗೆ ಗೊತ್ತಿಲ್ಲ.

ಅಮ್ಮನಿಗೆ ಮೊದಲ ಸಲ ಕೊಟ್ಟಾಗ ಎರಡು ಚಮಚ ಕುಡಿದು, "ಒಂದು ಒಗ್ಗರಣೆ ಹಾಕಿದ್ದಿದ್ರೆ ಸಾರಾದ್ರೂ ಆಗ್ತಿತ್ತಲ್ಲೋ" ಅಂದಳು. ಇಂಗು, ಸಾಸಿವೆ, ಕರಿಬೇವು ಬಿದ್ದರೆ ಅದು ಸಾರೇ, ಚೆನ್ನಾಗೇ ಇರುತ್ತೆ. ಆದರೆ ಸಾರು ಅನ್ನ ಕೇಳುತ್ತೆ. ಸೂಪ್ ಕೇಳೋದು ಬೇರೆ.

ಏನು ಕೇಳುತ್ತೆ? ಬೆಣ್ಣೆ ಮತ್ತು ಗರಿಗರಿ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ರಾಜಧಾನಿ ಹತ್ತಿದವರಿಗೆ ನೆನಪಿರಬಹುದು. ಸೂಪಿನ ಜೊತೆ ಉದ್ದನೆಯ ಸೂಪ್ ಸ್ಟಿಕ್, ಪುಟ್ಟ ಬೆಣ್ಣೆ ಪ್ಯಾಕೆಟ್. ಸುಮಾರು ಜನ ಬೆಣ್ಣೆಯನ್ನು ಊಟಕ್ಕೆ ಅಂತ ಎತ್ತಿಡುತ್ತಾರೆ. ಅದನ್ನು ಕಡ್ಡಿಗೆ ಸವರಿ ಸೂಪಿಗೆ ಅದ್ದಿ ನೋಡಿ. ನಾಲಿಗೆ ಮೇಲೆ ಹುಳಿ ಬಿದ್ದ ಹಿಂದೆಯೇ ಬೆಣ್ಣೆ ಬಂದು ಅದನ್ನು ಒರೆಸುತ್ತೆ. ಮತ್ತೆ ಹುಳಿ ಬೇಕು ಅನ್ನಿಸುತ್ತೆ. ಅಮೆರಿಕದವರು ಟೊಮೆಟೊ ಸೂಪಿಗೆ ಚೀಸ್ ಸ್ಯಾಂಡ್‌ವಿಚ್ ಅದ್ದಿ ತಿನ್ನೋದೂ ಇದೇ ಲೆಕ್ಕದಲ್ಲಿ. ನ್ಯೂಜೆರ್ಸಿಯ ಕ್ಯಾಂಬೆಲ್ ಕಂಪನಿ 1897ರಲ್ಲೇ ಗಟ್ಟಿ ಸೂಪನ್ನು ಡಬ್ಬಿಗೆ ತುಂಬಿತು. ಡಬ್ಬಿ ಒಡೆದು ನೀರು ಬೆರೆಸಿದರೆ ಸೂಪ್ ರೆಡಿ. ನನ್ನ ಅಕ್ಕನ ಮಗಳು ಅಲ್ಲೇ ಇದ್ದಾಳೆ. ಚಳಿಗಾಲದಲ್ಲಿ ಅವಳ ಮನೆಯ ರಾತ್ರಿ ಊಟ ಎಷ್ಟೋ ದಿನ ಸೂಪ್ ಮತ್ತು ಸ್ಯಾಂಡ್‌ವಿಚ್, ಅಷ್ಟೇ. "ಮಾಮ, ಪಾತ್ರೆ ಎರಡೇ" ಅಂತಾಳೆ.

ನಮಗೆ ಚೀಸ್ ಯಾಕೆ, ಅಯ್ಯಂಗಾರ್ ಬೇಕರಿಯ ಖಾರಾ ಬನ್ ಇರುವಾಗ? ಒಳಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು. ಅಡ್ಡಕ್ಕೆ ಸೀಳಿ, ಎರಡೂ ಕಡೆ ಬೆಣ್ಣೆ ಬಳಿದು, ಕಾವಲಿ ಮೇಲೆ ಮಗುಚಿ. ಮೇಲೊಂದು ಭಾರದ ಪಾತ್ರೆ ಇಡಿ. ಅಂಚು ಕಂದಾಗಿ, ಸೊಪ್ಪಿನ ವಾಸನೆ ಏಳುತ್ತೆ. ಆಗ ತೆಗೆದು, ಉದ್ದಕ್ಕೆ ಕತ್ತರಿಸಿ, ಸೂಪಿಗೆ ಅದ್ದಿ. ಕೆಳಗಿನ ಅರ್ಧ ನೆನೆದಿರಬೇಕು, ಮೇಲಿನ ಅರ್ಧ ಕರುಂ ಅನ್ನಬೇಕು. ಬಫೆಯ ಬ್ರೆಡ್ ಚೂರು ಕಪ್ಪಿಗೆ ಬಿದ್ದ ಕೂಡಲೇ ಮೆತ್ತಗಾಗುತ್ತೆ. ಇದು ಕೈಯಲ್ಲೇ ಇರುತ್ತಲ್ಲ, ಎಷ್ಟು ನೆನೆಯಬೇಕು ಅನ್ನೋದು ನಿಮ್ಮ ಇಷ್ಟ.

ವಿಜಯಪುರದ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ಅವನದು ಖಡಕ್ ಜೋಳದ ರೊಟ್ಟಿ. ಮುರಿದು, ಬೆಣ್ಣೆ ಹಚ್ಚಿ, ಶೇಂಗಾ ಚಟ್ನಿಪುಡಿ ಉದುರಿಸಿ, ಸೂಪಿಗೆ ಅದ್ದುತ್ತಾನೆ. ತಿಂದು ನೋಡಿದೆ. ನಿಜ ಹೇಳಬೇಕಂದ್ರೆ ಖಾರಾ ಬನ್ನಿಗಿಂತ ಒಂದು ಕೈ ಮೇಲೇ. ಅವನಿಗೆ ಹೇಳಿಲ್ಲ. ಮದ್ದೂರು ವಡೆಯೂ ನಡೆಯುತ್ತೆ. ಅದಕ್ಕೆ ಬೆಣ್ಣೆ ಬೇಡ, ಎಣ್ಣೆ ಅದರಲ್ಲೇ ಇದೆ. ಹಪ್ಪಳ ಬೇಡ, ಅದ್ದಿದ ಕ್ಷಣವೇ ಕೈಕೊಡುತ್ತೆ.

ಅಮ್ಮ ಈಗ ಒಗ್ಗರಣೆ ಕೇಳುವುದಿಲ್ಲ. ಬನ್ ಎಲ್ಲಿ ಅಂತ ಕೇಳುತ್ತಾಳೆ. ಕಳೆದ ಭಾನುವಾರ ಮಳೆ ನಿಲ್ಲಲಿ ಅಂತ ಕಾದು ಆರೂವರೆಗೆ ಬೇಕರಿಗೆ ಹೋದೆ. ಖಾರಾ ಬನ್ ಖಾಲಿ, ಬೆಣ್ಣೆ ಬಿಸ್ಕತ್ತು ಮಾತ್ರ ಇತ್ತು. ನೀವು ಮಾಡೋದಾದರೆ ಬನ್ ಐದು ಗಂಟೆಗೇ ತಂದಿಟ್ಟುಕೊಳ್ಳಿ.